ಒಲೆಯ ಹಿಂದಿನ ದಾರಿ

ರಜೆಗೆ ಬೇವೂರಿಗೆ ಬಂದಿದ್ದ ಮೊಮ್ಮಗಳು ಅಮೆರಿಕದ ಅಂತರ್ಯುದ್ಧದ ಕಥೆ ಓದಿ ಹೇಳುತ್ತಿದ್ದಳು. ರಿಚ್ಮಂಡ್ ಎಂಬ ಊರಿನ ಲಿಬ್ಬಿ ಸೆರೆಮನೆ. ಮೊದಲು ಅದೊಂದು ಉಗ್ರಾಣ. ಅದರೊಳಗೆ ಉತ್ತರದ ಪಡೆಯ ಅಧಿಕಾರಿಗಳನ್ನು ದೊಡ್ಡಿಯಲ್ಲಿ ಕುರಿ ತುಂಬಿದ ಹಾಗೆ ತುಂಬಿದ್ದರು. ಹಸಿವು, ಹೇನು, ಚಳಿ. ಕೆಲವರು ಅಡುಗೆಕೋಣೆಯ ಒಲೆ ಸರಿಸಿ, ಹೊಗೆಗೂಡಿನ ಇಟ್ಟಿಗೆ ಕಿತ್ತು, ಇಲಿ ತುಂಬಿದ ನೆಲಮಾಳಿಗೆಗೆ ಇಳಿದು ಸುರಂಗ ತೋಡಿದರು. 1864ರ ಫೆಬ್ರವರಿ 9ರ ರಾತ್ರಿ 109 ಮಂದಿ ಹೊರಬಿದ್ದರು. 59 ಮಂದಿ ತಮ್ಮ ಸೈನ್ಯ ಸೇರಿದರು, 48 ಮಂದಿ ಮತ್ತೆ ಸಿಕ್ಕಿಬಿದ್ದರು, ಇಬ್ಬರು ನೀರುಪಾಲಾದರು.

"ಎಷ್ಟ ಧೈರ್ಯ ನೋಡ ಅಜ್ಜಿ!" ಅಂದಳು.

ಧೈರ್ಯವೇನೋ ಹೌದು. "ದಾರ್ಯಾಗ ಅವರಿಗೆ ಉಣ್ಣಾಕ ಕೊಟ್ಟವರು ಯಾರವ್ವಾ?" ಅಂದೆ.

ಹಾಗೆ ಓಡಿಬಂದ ಎಷ್ಟೋ ಕೈದಿಗಳು ತಾವೇ ಬರೆದಿಟ್ಟಿದ್ದಾರೆ: ಗುಲಾಮರ ಗುಡಿಸಲುಗಳಲ್ಲಿ ಮೆಕ್ಕೆಜೋಳದ ರೊಟ್ಟಿ ಸಿಕ್ಕಿತು, ದಾರಿ ತೋರಿಸಿದರು, ಎಂದು. ಕರ್ನಲ್ಲು, ಮೇಜರುಗಳ ಹೆಸರು ಉಳಿದಿವೆ. ಕೆಲವರಿಗೆ ನೆರವಾದ ಎಲಿಜಬೆತ್ ವ್ಯಾನ್ ಲ್ಯೂ ಎಂಬ ಸಿರಿವಂತ ಹೆಣ್ಣುಮಗಳ ಹೆಸರೂ ಉಳಿದಿದೆ. ರೊಟ್ಟಿ ಕೊಟ್ಟ ಗುಡಿಸಲಿನವಳು ಬರೀ 'ಒಬ್ಬ ಕರಿಯ ಹೆಂಗಸು'.

ಅದು ಏಳು ಸಮುದ್ರದ ಆಚೆಗಿನ ಮಾತು ಎನ್ನಬೇಡಿ. ನಮ್ಮ ಈ ಸೀಮೆಯೂ ನಿಜಾಮನ ರಾಜ್ಯದಲ್ಲಿತ್ತು. ದೇಶಕ್ಕೆ ಸ್ವಾತಂತ್ರ್ಯ ಬಂದದ್ದು 1947ರ ಆಗಸ್ಟ್ 15ಕ್ಕೆ, ನಮಗೆ 1948ರ ಸೆಪ್ಟೆಂಬರ್ 17ಕ್ಕೆ. ನಡುವಿನ 13 ತಿಂಗಳು ರಜಾಕಾರರ ಕಾಲ. ಸೆರೆ ತಪ್ಪಿಸಿಕೊಂಡವರು ಎರೆಹೊಲಗಳಲ್ಲಿ ರಾತ್ರಿ ನಡೆದು, ಗಡಿ ದಾಟಿ, ಮುಂಬಯಿ ಪ್ರಾಂತಕ್ಕೆ ಸೇರಿದ್ದ ಗಜೇಂದ್ರಗಡ, ಮುಂಡರಗಿಯ ಶಿಬಿರಗಳಿಗೆ ಹೋಗುತ್ತಿದ್ದರು. ಮುಂಡರಗಿ ಶಿಬಿರಕ್ಕೆ ಅಳವಂಡಿಯ ಶಿವಮೂರ್ತಿಸ್ವಾಮಿಗಳೇ ಮುಂದಾಳು.

ನಮ್ಮವ್ವ ಹೇಳುತ್ತಿದ್ದಳು: "ರಾತ್ರಿ ಕದಾ ಬಡದರ ದೀಪಾ ಹಚ್ಚತಿದ್ದಿಲ್ಲ. ರೊಟ್ಟಿ, ಉಳ್ಳಾಗಡ್ಡಿ ಅರಿಬ್ಯಾಗ ಕಟ್ಟಿ ಕಿಡಕ್ಯಾಗಿಂದ ಕೊಡತಿದ್ವಿ. ಮಾರಿ ನೋಡತಿದ್ದಿಲ್ಲ. ನೋಡಿದ್ರ, ನಾಳೆ ಯಾರರ ಕೇಳಿದಾಗ ಸುಳ್ಳ ಹೇಳಬೇಕಾಗತೈತಿ." ಹಾಲಿಗೆ ನೀರು ಬೆರೆಸಿ 'ಇಲ್ಲ' ಅನ್ನಲು ಎಂದೂ ಅಂಜದವಳು ನಮ್ಮವ್ವ!

1972ರಲ್ಲಿ ಕೇಂದ್ರ ಸರ್ಕಾರ ಹೋರಾಟಗಾರರಿಗೆ ಪಿಂಚಣಿ ತಂದಿತು. ಆರು ತಿಂಗಳ ಜೈಲಿನ ದಾಖಲೆ ಬೇಕು. ಭೂಗತನಾಗಿದ್ದವನಿಗೆ ವಾರಂಟು ಬೇಕು. ಮುಂದೆ ಗಡಿ ಶಿಬಿರದವರನ್ನೂ ಸೇರಿಸಿದರು. ಹೆಂಗಸರಿಗೆ ಮೂರು ತಿಂಗಳ ಜೈಲಾದರೂ ಸಾಕೆಂಬ ರಿಯಾಯಿತಿಯೂ ಬಂತು. ಅಲ್ಲರೀ, ಹಿಟ್ಟು ನಾದುವವಳ ಮೇಲೆ ವಾರಂಟು ಹೊರಡಿಸುವವರು ಯಾರು? ಸಿಕ್ಕಿಬೀಳದೆ ಕೆಲಸ ಮಾಡಿದ್ದೇ ಅವಳ ಜಾಣತನ. ಸರ್ಕಾರ ಕೇಳಿದ್ದು ಸಿಕ್ಕಿಬಿದ್ದ ಗುರುತು.

"ಅದು ಮನೆಗೆಲಸ, ಹೋರಾಟ ಹೆಂಗಾದೀತು?" ಎಂದು ಹಿರಿಯರೊಬ್ಬರು ನನ್ನನ್ನೇ ಕೇಳಿದರು. ದಿನದ ಮನೆಗೆಲಸಕ್ಕೆ ಯಾರೂ ಬಂದು ಮನೆಗೆ ಬೆಂಕಿ ಇಡುವುದಿಲ್ಲ. ಆ ಒಂದು ಗಂಟಿನ ರೊಟ್ಟಿಗೆ ಇಡಬಹುದಿತ್ತು. ಅದನ್ನು ತಿಳಿದೇ ಅವರು ಕಿಟಕಿ ತೆರೆದರು.

"ನಿಮ್ಮವ್ವನ ಹೆಸರು ಎಲ್ಲಿ ಬರದಾರ ಅಜ್ಜಿ?" ಅಂದಳು ಮೊಮ್ಮಗಳು.

"ರೇಶನ್ ಕಾರ್ಡಿನಾಗ ಇತ್ತು" ಅಂದೆ.

ಆ ರಾತ್ರಿಗಳನ್ನು ಕಂಡವರು ಈಗ ತೊಂಬತ್ತರ ಆಚೀಚೆ. ನಿಮ್ಮ ಓಣಿಯಲ್ಲಿ ಅಂಥವರೊಬ್ಬರಿದ್ದರೆ ಈ ಸೆಪ್ಟೆಂಬರ್ 17ರೊಳಗೆ ಹೋಗಿ ಕುಳಿತು ಕೇಳಿರಿ: ಕದ ಬಡಿದವರಿಗೆ ಏನು ಕೊಟ್ಟಿರಿ, ನಿಮ್ಮ ಜೊತೆ ಹಿಟ್ಟು ಬೀಸಿದವರು ಯಾರು. ಅವರ ಹೆಸರನ್ನು, ತವರೂರಿನ ಹೆಸರು ಸಮೇತ, ಬರೆದುಕೊಳ್ಳಿರಿ.