ಮಂಗನ ಕಾಯಿಲೆ: ಈ ಅಲಕ್ಷ್ಯ ಅಕ್ಷಮ್ಯ

ಮಂಗನ ಕಾಯಿಲೆಯ ವೈರಾಣು ಪತ್ತೆಯಾದದ್ದು 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಸೊರಬದ ಗಡಿ ದಾಟಿದರೆ ಉತ್ತರ ಕನ್ನಡದ ಸಿದ್ದಾಪುರ. ಆ ಜ್ವರಕ್ಕೆ ಇಂದಿಗೂ ನಿರ್ದಿಷ್ಟ ಔಷಧವಿಲ್ಲ. 2022ರಲ್ಲಿ ಇದ್ದೊಂದು ಲಸಿಕೆಯೂ ನಿಂತಿತು.

ಹಕ್ಕಿಜ್ವರದ ಕಥೆ ಬೇರೆ. ಮನುಷ್ಯರಿಗೆ ಎಚ್5ಎನ್1 ತಗುಲಿದರೆ ಕೊಡಲು ಒಸೆಲ್ಟಾಮಿವಿರ್ ಮಾತ್ರೆಯಾದರೂ ಇದೆ; ವಿಶ್ವ ಆರೋಗ್ಯ ಸಂಸ್ಥೆಯ ಚಿಕಿತ್ಸಾ ಮಾರ್ಗಸೂಚಿಯಿದೆ. ಜಗತ್ತಿಗೇ ಹಬ್ಬೀತೆಂಬ ಭಯ ಅಷ್ಟನ್ನು ಮಾಡಿಸಿತು. ಮಂಗನ ಕಾಯಿಲೆ ಮನುಷ್ಯರಿಂದ ಮನುಷ್ಯರಿಗೆ ಹರಡದು. ನರಳುವವರು ಸೊಪ್ಪಿನಬೆಟ್ಟಕ್ಕೆ ಹೋಗುವ ಕೂಲಿಯವರು, ಸಣ್ಣ ಹಿಡುವಳಿದಾರರು. ಇವರು ಕಾಯಲಿ ಎಂದು ಆಳುವವರು ತೀರ್ಮಾನಿಸಿದಂತಿದೆ.

ಅಡಕೆ ತೋಟಕ್ಕೆ ದರಕು ಗುಡಿಸುವ ಹೊತ್ತಿಗೇ ತರಗೆಲೆಯಡಿ ಈ ವೈರಾಣು ಹರಡುವ ಉಣುಗಿನ ಮರಿಗಳು ತುಂಬಿರುತ್ತವೆ. ಕಚ್ಚಿದ್ದೇ ಗೊತ್ತಾಗದಷ್ಟು ಸಣ್ಣವು. ವಾರದೊಳಗೆ ದಿಢೀರ್ ಜ್ವರ, ತಲೆಸಿಡಿತ, ಸೊಂಟ ಮುರಿದಂಥ ನೋವು, ಕೆಲವರಿಗೆ ಒಸಡಿನಲ್ಲಿ ರಕ್ತ. ಜ್ವರ ಬಿಟ್ಟಿತೆಂದು ಕೆಲಸಕ್ಕೆ ಹೊರಟ ಕೆಲವರಿಗೆ ಒಂದೆರಡು ವಾರದಲ್ಲಿ ಅದು ಮರುಕಳಿಸಿ ಮಿದುಳಿಗೇ ಏರುತ್ತದೆ. ಸೋಂಕಿತರಲ್ಲಿ ನೂರಕ್ಕೆ ಮೂರರಿಂದ ಐದು ಮಂದಿ ಉಳಿಯುವುದಿಲ್ಲ. ತಾಲ್ಲೂಕು ವೈದ್ಯರ ಕೈಯಲ್ಲಿರುವುದು ಸಲೈನ್, ಪ್ಯಾರಾಸಿಟಮಾಲ್. ಮಿಕ್ಕದ್ದಕ್ಕೆ ಮಣಿಪಾಲದ ದಾರಿ, ಯಲ್ಲಾಪುರದವರಿಗೆ ಹುಬ್ಬಳ್ಳಿಯ ದಾರಿ. ಜಿಲ್ಲೆಗೊಂದು ಸುಸಜ್ಜಿತ ಸರ್ಕಾರಿ ಆಸ್ಪತ್ರೆ ಕೊಡಿ ಎಂದು ಕೂಗಿ ಕೂಗಿ ಇಲ್ಲಿಯವರ ಗಂಟಲು ಬತ್ತಿದೆ.

ಹೆಬ್ಬಾಳದ ಪಶು ಆರೋಗ್ಯ ಸಂಸ್ಥೆಯಲ್ಲಿ ತಯಾರಾಗುತ್ತಿದ್ದ ಹಳೆಯ ಲಸಿಕೆಯ ಸತ್ವ ಕುಂದಿತ್ತು, ಅದನ್ನು ನಿಲ್ಲಿಸಿದ್ದು ಸರಿಯೇ. ಬದಲಿ ಲಸಿಕೆ ಸಿದ್ಧಮಾಡಿಕೊಳ್ಳದೆ ಜನರನ್ನು ಬೆಟ್ಟಕ್ಕೆ ಬಿಟ್ಟದ್ದು ಅಕ್ಷಮ್ಯ. 2024ರಲ್ಲಿ ಸಿದ್ದಾಪುರದ ಹಳ್ಳಿಗಳಲ್ಲಿ ಜ್ವರ ಹಬ್ಬಿ ಜೀವ ಹೋದಾಗ ಆರೋಗ್ಯ ಇಲಾಖೆ ಹಂಚಿದ್ದು ಉಣುಗು ಕಚ್ಚದಂತೆ ಕೈಕಾಲಿಗೆ ಹಚ್ಚಿಕೊಳ್ಳುವ ಡೇಪಾ ಎಣ್ಣೆ.

ಹೊಸ ಲಸಿಕೆಯ ಹೊಣೆಯನ್ನು ಐಸಿಎಂಆರ್, ಹೈದರಾಬಾದಿನ ಇಂಡಿಯನ್ ಇಮ್ಯುನಾಲಾಜಿಕಲ್ಸ್ ಹೊತ್ತಿವೆ. ಅದು ಬರುವವರೆಗೆ ಕೈಕಟ್ಟಿ ಕೂರಬೇಕಿಲ್ಲ. ರಕ್ತದ ಮಾದರಿ ಅದೇ ದಿನ ಪರೀಕ್ಷೆಯಾಗುವ ವ್ಯವಸ್ಥೆ ಸಿರ್ಸಿಯಲ್ಲೇ ಆಗಬೇಕು. ಪ್ರತಿ ರೋಗಿಯ ಚಿಕಿತ್ಸೆಯ ವಿವರ ಒಂದೇ ಮಾದರಿಯಲ್ಲಿ ದಾಖಲಾಗಬೇಕು. ಆ ಲೆಕ್ಕವಿಲ್ಲದೆ ಯಾವ ಔಷಧದ ಪ್ರಯೋಗವೂ ಸಾಧ್ಯವಿಲ್ಲ. ಬೇರೆ ರೋಗಗಳಿಗೆ ಬಳಕೆಯಲ್ಲಿರುವ ವೈರಾಣುರೋಧಕಗಳನ್ನು ಇಲ್ಲಿ ಪರೀಕ್ಷಿಸಲು ಅನುಮತಿ, ಹಣ, ತಜ್ಞರು ಡಿಸೆಂಬರಿಗೆ ಮೊದಲೇ ಸಿದ್ಧವಿರಬೇಕು. ಜ್ವರದ ಹಂಗಾಮು ಶುರುವಾದ ಮೇಲೆ ಸಭೆ ಕರೆದರೆ ಮೇ ತಿಂಗಳಿಗೆ ಕಡತ ಮುಚ್ಚುತ್ತದೆ.

ಓದುಗರಲ್ಲೂ ಒಂದು ಮನವಿ. ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಬೆಟ್ಟಕ್ಕೆ ಹೋಗಿಬಂದ ಮೇಲೆ ಜ್ವರ ಬಂದರೆ, ಬೆಟ್ಟಕ್ಕೆ ಹೋಗಿದ್ದನ್ನು ವೈದ್ಯರಿಗೆ ಮೊದಲು ಹೇಳಿ.