ಒನ್ಸ್ ಮೋರ್ ಎನ್ನುವವರು ಯಾರು?

ಭರತನ ನಾಟ್ಯಶಾಸ್ತ್ರವು ತನ್ನ 27ನೆಯ ಅಧ್ಯಾಯದಲ್ಲಿ ಪ್ರಯೋಗದ ಸಿದ್ಧಿಯನ್ನು ಅಳೆಯಲು ನಟನ ಕಡೆಗೆ ನೋಡುವುದಿಲ್ಲ, ಅವನ ಎದುರು ಕುಳಿತವರ ಕಡೆಗೆ ನೋಡುತ್ತದೆ. ಪ್ರೇಕ್ಷಕರ ಮುಗುಳ್ನಗೆ, ಅರೆನಗೆ, ತುಂಬುನಗೆ, 'ಸಾಧು', 'ಅಹೋ', 'ಕಷ್ಟಂ' ಎಂಬ ಉದ್ಗಾರಗಳು, ಮೈನವಿರೇಳುವುದು, ಕುಳಿತಲ್ಲಿಂದ ಎದ್ದು ನಿಲ್ಲುವುದು ಇವೆಲ್ಲ ಮಾನುಷೀ ಸಿದ್ಧಿಯ ಕುರುಹುಗಳು. ಇದಕ್ಕಿಂತ ಮೇಲಿನದು ದೈವೀ ಸಿದ್ಧಿ. ಅದರ ಕುರುಹು, ಸಭೆ ಕಿಕ್ಕಿರಿದಿದ್ದರೂ ಸದ್ದಿಲ್ಲದಿರುವುದು. ನಗುವುದಕ್ಕೂ ಸುಮ್ಮನಿರುವುದಕ್ಕೂ ಪ್ರೇಕ್ಷಕ ಸ್ವತಂತ್ರ ಎಂಬ ನಂಬಿಕೆಯ ಮೇಲೆ ಈ ಲೆಕ್ಕವೆಲ್ಲ ನಿಂತಿದೆ. ಆ ಸ್ವಾತಂತ್ರ್ಯವನ್ನು ತೆಗೆದುಬಿಟ್ಟರೆ ಉಳಿಯುವವನನ್ನು ಏನೆಂದು ಕರೆಯಬೇಕು ಎಂಬುದು ನಮ್ಮ ಪ್ರಶ್ನೆ.

ಇದನ್ನು ಈಗ ಎತ್ತಲು ಕಾರಣ ದೂರದರ್ಶನ ವಾಹಿನಿಗಳ ಆಟದ ಕಾರ್ಯಕ್ರಮಗಳು. ಮುಂಬಯಿಯ ಕನ್ನಡಿಗರಿಗೆ ಗೋರೆಗಾಂವ್‌ನ ಚಿತ್ರನಗರಿ ದೂರದ ಊರಲ್ಲ. ಕಚೇರಿಯ ಮನರಂಜನಾ ಕೂಟಗಳಿಗೆ, ವಸತಿ ಸಂಕೀರ್ಣಗಳ ಮಹಿಳಾ ಮಂಡಳಿಗಳಿಗೆ, ಒಮ್ಮೊಮ್ಮೆ ನಮ್ಮ ಸಂಘಗಳಿಗೂ ಚಿತ್ರೀಕರಣದ ಪ್ರವೇಶಪತ್ರಗಳು ಗೊಂಚಲಾಗಿ ಬರುತ್ತವೆ. ಹಾಗೆ ಬಂದ ಪತ್ರಗಳನ್ನು ಹಿಡಿದು ನಾವು ಕೆಲವು ಕುಟುಂಬಗಳು ಈಚಿನ ವರ್ಷಗಳಲ್ಲಿ ಮೂರು ಬಾರಿ ಸ್ಟುಡಿಯೋದ ಮೆಟ್ಟಿಲಾಸನಗಳ ಮೇಲೆ ಕುಳಿತಿದ್ದೇವೆ. ಕಾರ್ಯಕ್ರಮಗಳ ಹೆಸರು ಇಲ್ಲಿ ಬೇಡ. ಒಂದರ ನಡವಳಿಕೆಗೂ ಇನ್ನೊಂದರ ನಡವಳಿಕೆಗೂ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ.

ಮನೆಯಲ್ಲಿ ಒಂದು ಗಂಟೆ ಕಾಣುವ ಆಟಕ್ಕೆ ಅಲ್ಲಿ ಅರ್ಧ ದಿನ ಬೇಕು. ಬೆಳಿಗ್ಗೆ ಹತ್ತಕ್ಕೆ ಸಾಲು, ಕೈಚೀಲ ಮೊಬೈಲುಗಳ ಒಪ್ಪಿಸುವಿಕೆ, ಉಡುಪಿನ ತಪಾಸಣೆ. ಬಿಳಿ ಬೇಡ, ಸಣ್ಣ ಚೌಕಳಿ ಬೇಡ, ಎದೆಯ ಮೇಲೆ ಕಂಪನಿಯ ಹೆಸರು ಬೇಡ. ಇದಕ್ಕೆ ಕ್ಯಾಮೆರಾದ ಕಾರಣಗಳಿವೆ, ನಮ್ಮ ತಕರಾರಿಲ್ಲ. ಆಮೇಲೆ ಒಬ್ಬ ತರುಣ ಬಂದು ನಮ್ಮನ್ನು ಕಣ್ಣಳತೆಯಲ್ಲೇ ವಿಂಗಡಿಸುತ್ತಾನೆ: ಚೆಲುವರು, ಎಳೆಯರು ಮುಂದೆ, ನರೆತವರು, ದಪ್ಪ ಕನ್ನಡಕದವರು ಹಿಂದೆ. ಮದುವೆಮನೆಯ ಊಟದ ಪಂಕ್ತಿಯಲ್ಲಿ ಹೀಗೆ ಮಾಡಿದ್ದರೆ ಜಗಳವಾಗುತ್ತಿತ್ತು. ಇಲ್ಲಿ ಎಲ್ಲರೂ ನಗುತ್ತಲೇ ಎದ್ದು ಜಾಗ ಬದಲಿಸುತ್ತಾರೆ.

ಇದರ ಬಳಿಕ ನಡೆಯುವುದನ್ನು ಮನೆಯ ವೀಕ್ಷಕ ಊಹಿಸಲಾರ. ನಿರೂಪಕ ಇನ್ನೂ ಬಂದಿಲ್ಲ, ಸ್ಪರ್ಧಿಗಳೂ ಇಲ್ಲ, ವೇದಿಕೆಯ ಮೇಲೆ ದೀಪದವನೊಬ್ಬ ಏಣಿ ಹತ್ತಿ ನಿಂತಿದ್ದಾನೆ. ಮಹಡಿಯ ಮೇಲ್ವಿಚಾರಕ ಕೈಯೆತ್ತಿ 'ಚಪ್ಪಾಳೆ' ಎನ್ನುತ್ತಾನೆ. ಖಾಲಿ ವೇದಿಕೆಯನ್ನು ನೋಡುತ್ತ ಇನ್ನೂರು ಜನ ಚಪ್ಪಾಳೆ ತಟ್ಟಬೇಕು. 'ಈಗ ನಗು.' ನಗಬೇಕು. 'ಈಗ ಆಶ್ಚರ್ಯ, ಈಗ ಚಿಂತೆ, ಈಗ ಅಯ್ಯೋ.' ಕ್ಯಾಮೆರಾ ಸಾಲುಸಾಲಾಗಿ ಹಾದುಹೋಗಿ ಈ ಮುಖಗಳನ್ನೆಲ್ಲ ದಾಸ್ತಾನು ಮಾಡಿಕೊಳ್ಳುತ್ತದೆ. ಸಾಲದಿದ್ದರೆ ಅವನೇ 'ಒನ್ಸ್ ಮೋರ್' ಎನ್ನುತ್ತಾನೆ.

ಆ ಎರಡು ಪದಗಳು ಕಿವಿಗೆ ಬಿದ್ದಾಗ ನಮ್ಮ ಹಿರಿಯರು ಹೇಳುತ್ತಿದ್ದ ಕಂಪನಿ ನಾಟಕಗಳು ನೆನಪಾಗದಿರಲು ಸಾಧ್ಯವೇ? ಗುಬ್ಬಿ ಕಂಪನಿಯ ಕಾಲದ ಪ್ರೇಕ್ಷಕನಿಗೆ 'ಒನ್ಸ್ ಮೋರ್' ಎಂಬುದು ಇಂಗ್ಲಿಷ್ ಬಾರದಿದ್ದರೂ ಬರುತ್ತಿದ್ದ ಇಂಗ್ಲಿಷು. ಹಾಡು ಹಿಡಿಸಿತೆಂದರೆ ಅವನು ಕೂಗುತ್ತಿದ್ದ, ನಟ ಕಥೆಯನ್ನು ಅಲ್ಲೇ ನಿಲ್ಲಿಸಿ ಮತ್ತೆ ಹಾಡಬೇಕಾಗುತ್ತಿತ್ತು. ಸತ್ತು ಬಿದ್ದ ಪಾತ್ರ ಎದ್ದು ಹಾಡಿ ಮತ್ತೆ ಸತ್ತ ಕಥೆಗಳನ್ನು ನಾವೆಲ್ಲ ಕೇಳಿದ್ದೇವೆ. ಮರಾಠಿ ರಂಗಭೂಮಿಯಲ್ಲಿ ಬಾಲಗಂಧರ್ವರ ಹಾಡುಗಳಿಗೆ ಬೀಳುತ್ತಿದ್ದ ಒನ್ಸ್ ಮೋರ್‌ಗಳಿಂದ ನಾಟಕಗಳು ಬೆಳಗಿನ ಜಾವದವರೆಗೆ ಎಳೆದುದುಂಟು. ಇದರಿಂದ ನಾಟಕದ ಬಂಧ ಕೆಟ್ಟಿತೆಂದು ವಿಮರ್ಶಕರು ದೂರಿದರು, ಅದೂ ನಿಜವೇ. ಆದರೆ ಯಾರು ಯಾರಿಗೆ ಅಪ್ಪಣೆ ಕೊಡುತ್ತಿದ್ದರು ಎಂಬುದರಲ್ಲಿ ಅನುಮಾನವಿರಲಿಲ್ಲ. ನಾಲ್ಕಾಣೆಯ ನೆಲದ ಟಿಕೇಟಿನವನಿಗೂ ಆ ಅಧಿಕಾರವಿತ್ತು. ಸ್ಟುಡಿಯೋದಲ್ಲಿ ಪದ ಅದೇ ಉಳಿದಿದೆ, ಅಪ್ಪಣೆ ಮಾತ್ರ ವೇದಿಕೆಯಿಂದ ಕೆಳಕ್ಕೆ ಇಳಿಯುತ್ತದೆ.

ಹೇಳಿಸಿಕೊಂಡು ತಟ್ಟುವ ಚಪ್ಪಾಳೆ ಹೊಸದೇನಲ್ಲ. ರೋಮಿನ ನೀರೋ ತಾನು ಹಾಡುವಾಗ ಚಪ್ಪಾಳೆ ತಟ್ಟಲು ಐದು ಸಾವಿರಕ್ಕೂ ಹೆಚ್ಚು ತರುಣರನ್ನು ತರಬೇತುಗೊಳಿಸಿದ್ದನೆಂದು ಸ್ಯುಟೋನಿಯಸ್ ಬರೆದಿದ್ದಾನೆ. ಅದರಲ್ಲಿ ಬಗೆಗಳೂ ಇದ್ದವು: ದುಂಬಿಯ ಮೊರೆತದಂಥದು, ಮನೆಯ ಹೆಂಚಿನಂಥದು, ಇಟ್ಟಿಗೆಯಂಥದು. ಹೆಂಚೆಂದರೆ ಅಂಗೈ ಬಟ್ಟಲಾಗಿಸಿ ತಟ್ಟುವುದು, ಇಟ್ಟಿಗೆಯೆಂದರೆ ಚಪ್ಪಟೆಯಾಗಿ ತಟ್ಟುವುದು ಎಂದು ವಿದ್ವಾಂಸರ ವ್ಯಾಖ್ಯಾನ. ಎಂ.ಎ. ತರಗತಿಯ ದಿನಗಳಲ್ಲಿ ಅಡಿಟಿಪ್ಪಣಿಯಾಗಿ ಓದಿ ಮರೆತಿದ್ದ ಈ ವಿವರಕ್ಕೆ ಗೋರೆಗಾಂವ್‌ನಲ್ಲಿ ಜೀವ ಬಂತು. ನಮ್ಮ ಪಕ್ಕದಲ್ಲಿ ಕುಳಿತಿದ್ದವನು ದಿನಗೂಲಿಗೆ ಬರುವ ಪ್ರೇಕ್ಷಕ. ಪ್ರವೇಶಪತ್ರದವರು ಕಡಿಮೆಯಾದ ದಿನ ಗುತ್ತಿಗೆದಾರರು ಇಂಥವರನ್ನು ಕರೆತಂದು ಆಸನ ತುಂಬಿಸುತ್ತಾರೆ. ಮಧ್ಯಾಹ್ನದ ಹೊತ್ತಿಗೆ ನಮ್ಮ ಅಂಗೈ ಕೆಂಪಾದುದನ್ನು ಕಂಡು ಅವನು, 'ಹಾಗಲ್ಲ ಸಾಹೇಬರೇ, ಕೈ ಬಟ್ಟಲು ಮಾಡಿ, ಸದ್ದು ಜಾಸ್ತಿ, ಉರಿ ಕಡಿಮೆ' ಎಂದು ಮಾಡಿ ತೋರಿಸಿದ. ಹತ್ತೊಂಬತ್ತನೆಯ ಶತಮಾನದ ಪ್ಯಾರಿಸ್ ಒಪೆರಾದಲ್ಲಿ ಇವನ ಪೂರ್ವಿಕರಿದ್ದರು. ಅವರಲ್ಲಿ ನಗುವವರ ಪಡೆ ಬೇರೆ, ಅಳುವವರ ಪಡೆ ಬೇರೆ. 1950ರ ದಶಕದಲ್ಲಿ ಅಮೆರಿಕದ ಚಾರ್ಲಿ ಡಗ್ಲಾಸ್ ಎಂಬ ಧ್ವನಿ ತಂತ್ರಜ್ಞ ನಗೆಯನ್ನೇ ಪೆಟ್ಟಿಗೆಯಲ್ಲಿ ತುಂಬಿಟ್ಟು ಗುಂಡಿ ಒತ್ತಿ ಹೊರಡಿಸುವ ಯಂತ್ರ ಮಾಡಿದ. ಆ ಯಂತ್ರದ ಬಗ್ಗೆ ನಮಗೆ ಇರುವ ಸಿಟ್ಟು ಕಡಿಮೆಯೇ. ಅದು ಯಾರ ಮುಖವನ್ನೂ ತೋರಿಸುತ್ತಿರಲಿಲ್ಲ.

ನಮ್ಮ ತಕರಾರು ಇರುವುದು ಮುಖದ ವಿಷಯದಲ್ಲಿ. ಎರಡನೆಯ ಬಾರಿ ನಾವು ಹೋದಾಗ ಆಟಕ್ಕೆ ಕುಳಿತವರಲ್ಲಿ ವಿದರ್ಭದ ಕಡೆಯ ಸಣ್ಣ ಊರಿನ ಗೃಹಿಣಿಯೊಬ್ಬರಿದ್ದರು. ಚೆನ್ನಾಗಿ ಆಡುತ್ತಿದ್ದವರು ಒಂದು ಸರಳ ಪ್ರಶ್ನೆಗೆ ಗಾಬರಿಯಲ್ಲಿ ತಪ್ಪು ಉತ್ತರ ಕೊಟ್ಟರು. ಗೆದ್ದದ್ದರ ಬಹುಭಾಗ ಹೋಯಿತು. ಆಗ ಸಭಾಂಗಣದಲ್ಲಿ ಆವರಿಸಿದ ಮೌನ ಯಾರೂ ಹೇಳಿಸಿದ್ದಲ್ಲ. ಬೆಳಿಗ್ಗೆಯಿಂದ ಹಸಿದು, ಹವಾನಿಯಂತ್ರಕದ ಚಳಿಗೆ ಮುದುಡಿ ಕುಳಿತಿದ್ದ ಇನ್ನೂರು ಅಪರಿಚಿತರು ಒಬ್ಬ ಅಪರಿಚಿತೆಗಾಗಿ ಮರುಗಿದ ಗಳಿಗೆ ಅದು. ಭರತ ಹೇಳಿದ 'ಕಷ್ಟಂ' ಯಾರ ಬಾಯಿಂದಲೂ ಬರಲಿಲ್ಲ, ಎಲ್ಲರ ಮುಖದಲ್ಲಿತ್ತು. ಆಕೆ ಎದ್ದು ಹೋಗುವಾಗ ತಾನಾಗಿ ಚಪ್ಪಾಳೆ ಬಂತು. ಕ್ಯಾಮೆರಾದ ಕೋನ ಸರಿಯಾಗಲಿಲ್ಲವೆಂದು ಆಕೆಯನ್ನು ಮತ್ತೆ ಕೂರಿಸಿ ಮತ್ತೆ ಎಬ್ಬಿಸಿ ನಡೆಸಿದರು. ಸೋತು ಹೊರಡುವುದಕ್ಕೂ ಒಂದು ಒನ್ಸ್ ಮೋರ್.

ಕೆಲವು ವಾರಗಳ ಬಳಿಕ ಪ್ರಸಾರವಾದಾಗ ಮನೆಮಂದಿಯೆಲ್ಲ ಕುಳಿತು ನೋಡಿದೆವು. ಆಕೆ ಉತ್ತರ ಹೇಳಿದರು, ನಿರೂಪಕ ಹುಬ್ಬೇರಿಸಿದ, ಪರದೆಯ ಮೇಲೆ ನಾವು ಬಂದೆವು. ನಗುತ್ತಿದ್ದೆವು. ಬೆಳಿಗ್ಗೆ ಖಾಲಿ ವೇದಿಕೆಗೆ ಕೊಟ್ಟ ನಗೆಯನ್ನು ತಂದು ಆಕೆಯ ತಪ್ಪಿನ ಪಕ್ಕ ಅಂಟಿಸಿದ್ದರು. ಎರಡೇ ಸೆಕೆಂಡು ಇರಬಹುದು. ಆಕೆಯ ಊರಿನಲ್ಲಿ, ಆಕೆಯ ಮಕ್ಕಳು ಟಿ.ವಿ.ಯ ಮುಂದೆ ಕುಳಿತು ಆ ಎರಡು ಸೆಕೆಂಡುಗಳನ್ನು ನೋಡಿರುತ್ತಾರೆ. ಮುಂಬಯಿಯ ದೊಡ್ಡ ಜನ ತಮ್ಮ ತಾಯಿಯನ್ನು ನೋಡಿ ನಕ್ಕರೆಂದು ಅವರು ತಿಳಿದರೆ ಅವರದೇನು ತಪ್ಪು?

ಸರ್ಕಾರಿ ಕಚೇರಿಯಲ್ಲಿ ಇಪ್ಪತ್ತು ವರ್ಷ ಕಡತ ನೋಡಿದವರಿಗೆ ಇದಕ್ಕೊಂದು ಹೋಲಿಕೆ ಥಟ್ಟನೆ ಹೊಳೆಯುತ್ತದೆ: ಖಾಲಿ ಹಾಳೆಗೆ ಸಹಿ. ಮುಂಗಡವಾಗಿ ಕೊಟ್ಟ ನಗೆ, ಮುಂಗಡವಾಗಿ ಕೊಟ್ಟ ಚಪ್ಪಾಳೆ ಎಂದರೆ ಸಹಿ ಹಾಕಿದ ಖಾಲಿ ಹಾಳೆ. ಅದರ ಮೇಲೆ ಏನು ಬರೆಯಬೇಕೆಂಬುದನ್ನು ಸಂಕಲನದ ಮೇಜಿನಲ್ಲಿ ಇನ್ನೊಬ್ಬ ತೀರ್ಮಾನಿಸುತ್ತಾನೆ. ಬಾಗಿಲಲ್ಲಿ ನಾವು ಸಹಿ ಹಾಕುವ ಕಾಗದದ ಸಣ್ಣಕ್ಷರಗಳು ಇದಕ್ಕೆಲ್ಲ ಅನುಮತಿ ಪಡೆದಿರುತ್ತವೆ, ಕಾನೂನಿನ ದೃಷ್ಟಿಯಲ್ಲಿ ವಿಷಯ ಅಲ್ಲಿಗೆ ಮುಗಿಯಿತು. (ನಮ್ಮ 1964ರ ನಡತೆ ನಿಯಮಗಳು, ಸಾರ್ವಜನಿಕ ಮಾಧ್ಯಮದಲ್ಲಿ ಪಾಲ್ಗೊಳ್ಳುವ ನೌಕರ ತಾನು ಹೇಳುವುದು ಸ್ವಂತ ಅಭಿಪ್ರಾಯವೆಂದು ಸ್ಪಷ್ಟಪಡಿಸಬೇಕು ಎನ್ನುತ್ತವೆ. ಪರದೆಯ ಮೇಲಿನ ನಮ್ಮ ನಗೆ ನಮ್ಮ ಸ್ವಂತದ್ದಲ್ಲ ಎಂದು ಯಾರಿಗೆ ಸ್ಪಷ್ಟಪಡಿಸುವುದೋ ತಿಳಿಯದು.)

ಅಮೆರಿಕದಲ್ಲಿ 1950ರ ದಶಕದ ರಸಪ್ರಶ್ನೆ ಹಗರಣಗಳು ಬಯಲಾದಾಗ, 'ಟ್ವೆಂಟಿ ಒನ್' ಕಾರ್ಯಕ್ರಮದ ಚಾರ್ಲ್ಸ್ ವ್ಯಾನ್ ಡೋರೆನ್ ಎಂಬ ಇಂಗ್ಲಿಷ್ ಅಧ್ಯಾಪಕ 1959ರಲ್ಲಿ ಸಂಸದೀಯ ಸಮಿತಿಯ ಮುಂದೆ ತನಗೆ ಉತ್ತರಗಳನ್ನು ಮೊದಲೇ ಕೊಡಲಾಗಿತ್ತೆಂದು ಒಪ್ಪಿಕೊಂಡ. ಮರುವರ್ಷ ಕಾನೂನು ತಿದ್ದುಪಡಿಯಾಗಿ ಜ್ಞಾನದ ಸ್ಪರ್ಧೆಯಲ್ಲಿ ಮೋಸ ಮಾಡುವುದು ಅಪರಾಧವಾಯಿತು. ಆ ಬಿಸಿಯಲ್ಲಿ ಸಿಬಿಎಸ್ ಜಾಲದ ಮುಖ್ಯಸ್ಥ ಫ್ರ್ಯಾಂಕ್ ಸ್ಟ್ಯಾಂಟನ್ ಡಬ್ಬಿಯ ನಗೆ, ಡಬ್ಬಿಯ ಚಪ್ಪಾಳೆಗಳ ಮೇಲೂ ಕೈಯೆತ್ತಿದ್ದರು. ಅದು ಹೆಚ್ಚು ದಿನ ನಡೆಯಲಿಲ್ಲ. ಸ್ಪರ್ಧಿಯ ಉತ್ತರ ಸಾಚಾ ಇರಬೇಕೆಂದು ಜಗತ್ತು ಒಪ್ಪಿತು, ಸಭಿಕರ ಮುಖ ಸಾಚಾ ಇರಬೇಕೆಂದು ಯಾರಿಗೂ ತೋಚಲಿಲ್ಲ.

ಆಟದ ಕಾರ್ಯಕ್ರಮಗಳನ್ನೇ ಹಳಿಯುವ ಉದ್ದೇಶ ನಮ್ಮದಲ್ಲ. 2000ದ ಜುಲೈಯಲ್ಲಿ 'ಕೌನ್ ಬನೇಗಾ ಕರೋಡ್‌ಪತಿ' ಆರಂಭವಾದಾಗ, ಆಮೇಲೆ 2012ರಲ್ಲಿ ಪುನೀತ್ ರಾಜ್‌ಕುಮಾರ್ 'ಕನ್ನಡದ ಕೋಟ್ಯಧಿಪತಿ'ಯನ್ನು ನಡೆಸಿಕೊಟ್ಟಾಗ, ಓದಿದವರಿಗೂ ಈ ದೇಶದಲ್ಲಿ ಒಂದು ಗಳಿಗೆ ಬೆಳಕು ಬೀಳುತ್ತದೆಯಲ್ಲ ಎಂದು ಸಂತೋಷಪಟ್ಟವರು ನಾವು. ಆ ಮಾದರಿಯಲ್ಲಿ ಸಭಿಕರಿಗೂ ಒಂದು ಮಾನವಿತ್ತು. ಸ್ಪರ್ಧಿ ದಿಕ್ಕುಗೆಟ್ಟಾಗ ಸಭಿಕರ ಮತ ಕೇಳಬಹುದಿತ್ತು. ಆ ಕೆಲವು ಕ್ಷಣ ಅವರು ಅಲಂಕಾರವಾಗಿರದೆ ಬುದ್ಧಿಯಾಗುತ್ತಿದ್ದರು. ಅಮೆರಿಕದ ಆವೃತ್ತಿಯಲ್ಲಿ ಹೀಗೆ ಕೇಳಿದಾಗ ಸಭಿಕರು ನೂರಕ್ಕೆ 91 ಬಾರಿ ಸರಿಯಾಗಿದ್ದರೆ, ಫೋನಿನಲ್ಲಿ ಕೇಳಿದ ಪರಿಣತ ಮಿತ್ರರು ಸುಮಾರು 65 ಬಾರಿಯಷ್ಟೇ ಸರಿಯಾಗಿದ್ದರೆಂದು ಜೇಮ್ಸ್ ಸುರೋವೀಕಿ 2004ರ ತನ್ನ ಪುಸ್ತಕದಲ್ಲಿ ಬರೆದ. ಮಿತ್ರರಿಗೆ ಕೇಳುತ್ತಿದ್ದುದು ಹೆಚ್ಚು ಕಠಿಣ ಪ್ರಶ್ನೆಗಳಿರಬಹುದು, ಅದು ಬೇರೆ ಮಾತು. ಗುಂಡಿಯೊತ್ತುವ ಆ ಬೆರಳಿಗೆ ಯಾರೂ 'ಈಗ ಇದನ್ನು ಒತ್ತು' ಎನ್ನುವುದಿಲ್ಲ. 2020ರಲ್ಲಿ ಕೊರೊನಾ ಕಾರಣದಿಂದ ಹಿಂದಿಯ ಕಾರ್ಯಕ್ರಮ ಸಭಿಕರಿಲ್ಲದೆ ನಡೆದಾಗ ಈ ಸಹಾಯವನ್ನೇ ಕೈಬಿಡಬೇಕಾಯಿತು. ಚಪ್ಪಾಳೆಯನ್ನು ದಾಸ್ತಾನಿನಿಂದ ತರಬಹುದು, ಬುದ್ಧಿಯನ್ನು ತರಲಾಗದು.

ಇದೆಲ್ಲ ಸ್ಟುಡಿಯೋದ ಒಳಗೇ ಉಳಿದಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ಈಗ ನಮ್ಮ ರಾಜ್ಯೋತ್ಸವದ ಸಭೆಗಳಲ್ಲಿ ನಿರೂಪಕರು 'ಚಪ್ಪಾಳೆ ಕೇಳಿಸ್ತಿಲ್ಲ, ಇನ್ನೂ ಜೋರಾಗಿ' ಎನ್ನತೊಡಗಿದ್ದಾರೆ. ಎಂಬತ್ತು ದಾಟಿದ ಭಾಗವತರೊಬ್ಬರು ಮುಂಬಯಿಯ ವೇದಿಕೆಯಲ್ಲಿ ಪದ ಮುಗಿಸಿದಾಗ ಸಭೆ ಒಂದು ಗಳಿಗೆ ಸುಮ್ಮನಿತ್ತು. ನಿರೂಪಕಿ ಮೈಕು ಹಿಡಿದು ಓಡಿಬಂದು 'ಯಾಕೆ ಎಲ್ಲ ಸುಮ್ಮನಿದ್ದೀರಿ' ಎಂದು ಗದರಿದರು. ಆ ಮೌನ ಏನೆಂದು ಭಾಗವತರಿಗೆ ಗೊತ್ತಿತ್ತು. ಆಕೆಗೆ ಟಿ.ವಿ. ಬೇರೆಯದನ್ನು ಕಲಿಸಿತ್ತು.

ವಾಹಿನಿಗಳು ನಮ್ಮ ಮಾತು ಕೇಳುತ್ತವೆಂಬ ಭ್ರಮೆಯಿಲ್ಲ. ಆದರೂ ಪ್ರವೇಶಪತ್ರ ಪಡೆಯುವ ಸಂಘಗಳು ಕೇಳಬಹುದಾದ ಪ್ರಶ್ನೆಗಳಿವೆ: ಎಷ್ಟು ಹೊತ್ತು ಕೂರಿಸುತ್ತೀರಿ, ಊಟ ಉಂಟೇ, ಮುಂಗಡ ನಗೆ ತೆಗೆದುಕೊಳ್ಳುತ್ತೀರಾ, ತೆಗೆದುಕೊಂಡದ್ದನ್ನು ಸೋತವರ ಪಕ್ಕದಲ್ಲಿ ಅಂಟಿಸುವುದಿಲ್ಲವೆಂದು ಬರೆದು ಕೊಡುತ್ತೀರಾ? ಮೂರನೆಯ ಬಾರಿ ಹೋದಾಗ ನಮ್ಮಲ್ಲಿ ಆರು ಮಂದಿ ಖಾಲಿ ವೇದಿಕೆಗೆ ಚಪ್ಪಾಳೆಯನ್ನಷ್ಟೇ ಕೊಟ್ಟೆವು, ನಗಲಿಲ್ಲ. ಆಟ ನಡೆಯುವಾಗ ನಗು ಬಂದಾಗ ನಕ್ಕೆವು. ತಪಾಸಣೆಯ ತರುಣ ಎರಡು ಬಾರಿ ನಮ್ಮ ಸಾಲಿನತ್ತ ಕೈ ಬೀಸಿ, ಕೊನೆಗೆ ನಮ್ಮನ್ನು ಎಬ್ಬಿಸಿ ಹಿಂದಿನ ಸಾಲಿಗೆ ಕಳುಹಿಸಿದ. ಅಲ್ಲಿಂದ ವೇದಿಕೆ ಪೂರ್ತಿಯಾಗಿ, ಚೆನ್ನಾಗಿಯೇ ಕಾಣುತ್ತಿತ್ತು.