ಮೊದಲು ಮಗು, ಆಮೇಲೆ ರೈಲು



ಡಿಗ್ರಿ ಮುಗಿಸಿದ ನಮ್ಮ ಯುವಜನರ ನಡುವೆ ಈಚೆಗೆ ಒಂದು ಮಾತು ಮತ್ತೆ ಮತ್ತೆ ಕೇಳಿಬರುತ್ತಿದೆ. ಚೀನಾಕ್ಕೆ ಹೋಗುವುದು, ಅಲ್ಲಿ ಪುಟ್ಟ ಮಕ್ಕಳಿಗೆ ಒಂದೆರಡು ವರ್ಷ ಇಂಗ್ಲಿಷ್ ಕಲಿಸುವುದು, ರಜೆ ಸಿಕ್ಕಿದಾಗಲೆಲ್ಲ ರೈಲು ಹತ್ತಿ ದೇಶ ನೋಡುವುದು. ಮೊಬೈಲಿನಲ್ಲಿ ಬರುವ ವೀಡಿಯೊಗಳಲ್ಲಿ ಇದು ಬಹಳ ಚೆಂದ ಕಾಣುತ್ತದೆ. ಮೂರ್ನಾಲ್ಕು ವರ್ಷದ ಮಕ್ಕಳು ಚಪ್ಪಾಳೆ ತಟ್ಟಿ ಹಾಡುತ್ತಾರೆ, ಮರುಕ್ಷಣ ಕಿಟಕಿಯಾಚೆ ಗುಡ್ಡಬೆಟ್ಟಗಳು ಓಡುತ್ತವೆ. ನಮ್ಮ ಅಪ್ಪಂದಿರ ಕಾಲದಲ್ಲಿ ಗಲ್ಫ್ ಎಂದರೆ ಸಾಲ ತೀರಿಸುವ ದಾರಿ. ಈಗಿನವರಿಗೆ ಸಂಬಳದ ಜೊತೆಗೆ ಲೋಕವನ್ನೂ ನೋಡುವ ಆಸೆ.

ಆ ಆಸೆಯನ್ನು ನಾವು ತಪ್ಪು ಅನ್ನುವುದಿಲ್ಲ. ಆದರೆ ಈ ಮಾತುಕತೆಯಲ್ಲಿ ಸಂಬಳ, ವೀಸಾ, ರೈಲು ಎಲ್ಲ ಬರುತ್ತವೆ, ತರಗತಿಯಲ್ಲಿ ಕೂರುವ ಮಗು ಮಾತ್ರ ಬರುವುದಿಲ್ಲ. ನಮ್ಮ ತಕರಾರು ಇಷ್ಟೇ.

ಮೊದಲು ಅಲ್ಲಿನ ಸ್ಥಿತಿ ನೋಡೋಣ. ಚೀನಾದಲ್ಲಿ 2001ರಿಂದ ಪ್ರಾಥಮಿಕ ಶಾಲೆಯ ಮೂರನೇ ತರಗತಿಯಿಂದ ಇಂಗ್ಲಿಷ್ ಪಾಠಪಟ್ಟಿಗೆ ಬಂತು. ಶಾಂಘೈಯಂಥ ನಗರಗಳಲ್ಲಿ ಒಂದನೇ ತರಗತಿಯಿಂದಲೇ ಶುರು. ಕಾಲೇಜು ಸೇರಲು ಬರೆಯುವ 'ಗಾವ್‌ಕಾವ್' ಪರೀಕ್ಷೆಯ 750 ಅಂಕಗಳಲ್ಲಿ ಸಾಮಾನ್ಯವಾಗಿ 150 ಇಂಗ್ಲಿಷಿಗೆ. ಹಾಗಾಗಿ ಮಗು ಹಾಲು ಕುಡಿಯುವಾಗಲೇ ಹೆತ್ತವರಿಗೆ ಇಂಗ್ಲಿಷಿನ ಚಿಂತೆ. ಈ ಚಿಂತೆಯ ಮೇಲೆ ದೊಡ್ಡ ವ್ಯಾಪಾರವೇ ಬೆಳೆಯಿತು.

2021ರ ಜುಲೈಯಲ್ಲಿ ಅಲ್ಲಿನ ಸರಕಾರ ಅದಕ್ಕೆ ಕಡಿವಾಣ ಹಾಕಿತು. ಮಕ್ಕಳ ಹೋಂವರ್ಕಿನ ಹೊರೆ ಮತ್ತು ಟ್ಯೂಷನ್ನಿನ ಹೊರೆ, ಎರಡನ್ನೂ ಇಳಿಸುವ ನೀತಿ ಅದು. ಶಾಲಾ ವಿಷಯಗಳ ಟ್ಯೂಷನ್ನಿನಿಂದ ಲಾಭ ಮಾಡುವಂತಿಲ್ಲ, ವಾರದ ಕೊನೆಗೂ ರಜೆಯಲ್ಲೂ ಆ ತರಗತಿ ನಡೆಸುವಂತಿಲ್ಲ, ಶಾಲೆ ಸೇರದ ಮಕ್ಕಳಿಗೆ ಆನ್‌ಲೈನ್ ತರಬೇತಿ ಕೂಡದು, ದೇಶದ ಹೊರಗೆ ಕೂತ ವಿದೇಶಿಯರನ್ನು ಕಲಿಸಲು ನೇಮಿಸಬಾರದು ಎಂದಾಯಿತು. ನ್ಯೂ ಓರಿಯಂಟಲ್ ಎಂಬ ಒಂದೇ ಕಂಪನಿ 60,000 ಮಂದಿಯನ್ನು ಕೆಲಸದಿಂದ ಬಿಡಿಸಿತೆಂದು ಅದರ ಸ್ಥಾಪಕ ಯೂ ಮಿನ್‌ಹಾಂಗ್ 2022ರ ಜನವರಿಯಲ್ಲಿ ಹೇಳಿದರು. 2025ರ ಜೂನ್ 1ರಿಂದ ಜಾರಿಯಲ್ಲಿರುವ ಶಾಲಾಪೂರ್ವ ಶಿಕ್ಷಣ ಕಾನೂನು ಕಿಂಡರ್‌ಗಾರ್ಟನ್‌ಗಳಲ್ಲಿ ಪ್ರಾಥಮಿಕ ಶಾಲೆಯ ಪಾಠ ಮಾಡಬಾರದೆನ್ನುತ್ತದೆ. ಅಂದರೆ ಆ ವೀಡಿಯೊಗಳಲ್ಲಿ ಹಲವು ಹಳೆಯ ಕಾಲದವು. ಕೆಲಸ ಪೂರ್ತಿ ನಿಂತಿಲ್ಲ, ಆದರೆ ಬಾಗಿಲು ಕಿರಿದಾಗಿದೆ.

ನಮ್ಮವರಿಗೆ ಆ ಬಾಗಿಲು ಇನ್ನೂ ಕಿರಿದು. ಭಾಷೆ ಕಲಿಸಲು ಬರುವ ವಿದೇಶಿಯರು ಆ ಭಾಷೆ ಮಾತೃಭಾಷೆಯಾಗಿರುವ ದೇಶದವರಾಗಿರಬೇಕು ಎಂಬುದು ಅಲ್ಲಿನ ಸಾಮಾನ್ಯ ನಿಯಮ. ಜೊತೆಗೆ ಪದವಿ ಬೇಕು, ಎರಡು ವರ್ಷದ ಅನುಭವ ಅಥವಾ ಕಲಿಸುವ ತರಬೇತಿಯ ಸರ್ಟಿಫಿಕೇಟ್ ಬೇಕು. ಬ್ರಿಟನ್, ಅಮೆರಿಕ, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಐರ್ಲೆಂಡ್, ದಕ್ಷಿಣ ಆಫ್ರಿಕಾ ಇವು ಸಾಮಾನ್ಯವಾಗಿ ಆ ಪಟ್ಟಿಯಲ್ಲಿವೆ. ಭಾರತ ಇಲ್ಲ.

ಇದು ನ್ಯಾಯವೇ? ಅಲ್ಲವೆಂದೇ ನಾವು ಹೇಳುತ್ತೇವೆ. ಪಾಸ್‌ಪೋರ್ಟಿನ ಬಣ್ಣ ಕಲಿಸುವ ಶಕ್ತಿಯನ್ನು ಅಳೆಯುವುದಿಲ್ಲ. ಬೇಕಾದರೆ ಉಚ್ಚಾರವನ್ನೇ ತೆಗೆದುಕೊಳ್ಳಿ. ಚೀನೀ ಭಾಷೆಯಲ್ಲಿ ಶಬ್ದದ ಭಾಗಗಳು ಹೆಚ್ಚಾಗಿ ಸ್ವರದಲ್ಲಿ ಅಥವಾ ಮೂಗಿನ ಧ್ವನಿಯಲ್ಲಿ ಕೊನೆಯಾಗುತ್ತವೆ. ಹಾಗಾಗಿ ಅಲ್ಲಿನ ಮಗು 'ಬ್ಯಾಗ್' ಅನ್ನುವಾಗ ಕೊನೆಗೊಂದು ಸಣ್ಣ ಸ್ವರ ಸೇರಿಸಿಬಿಡುತ್ತದೆ. ಬಸ್ಸನ್ನು ಬಸ್ಸು, ಪೆನ್ನನ್ನು ಪೆನ್ನು ಮಾಡಿಕೊಂಡ ನಮಗೆ ಆ ಮಗುವಿನ ಕಷ್ಟ ಹೇಳಿಕೊಡಬೇಕೇ? 'ಅವನು', 'ಅವಳು' ಎರಡಕ್ಕೂ ಚೀನೀ ಮಾತಿನಲ್ಲಿ 'ತಾ' ಎಂಬ ಒಂದೇ ಉಚ್ಚಾರ. ಅದಕ್ಕೇ ಅವರು 'ಹೀ', 'ಶೀ' ಅದಲು ಬದಲು ಮಾಡುತ್ತಾರೆ. ಇನ್ನೊಂದು ಭಾಷೆಯನ್ನು ಬೆವರು ಸುರಿಸಿ ಕಲಿತವನಿಗೆ ಮಗು ಎಲ್ಲಿ ಎಡವುತ್ತದೆಂದು ಬೇಗ ಗೊತ್ತಾಗುತ್ತದೆ. ಹುಟ್ಟಿನಿಂದಲೇ ಆ ಭಾಷೆ ಬಂದವನಿಗೆ ಅದನ್ನು ಹುಡುಕಿ ತಿಳಿಯಬೇಕಾಗುತ್ತದೆ.

ಆದರೆ ನಿಯಮ ಸರಿಯಿಲ್ಲವೆಂದು ಹಿತ್ತಿಲ ಬಾಗಿಲಿನಿಂದ ನುಗ್ಗುವುದು ಉತ್ತರವಲ್ಲ. "ಟೂರಿಸ್ಟ್ ವೀಸಾದಲ್ಲಿ ಹೋಗಿ, ಉಳಿದದ್ದು ನಾವು ನೋಡಿಕೊಳ್ಳುತ್ತೇವೆ" ಎನ್ನುವ ಏಜೆಂಟರಿದ್ದಾರೆ. ಅವರು ನೋಡಿಕೊಳ್ಳುವುದು ತಮ್ಮ ಕಮಿಷನ್ನನ್ನು. ಕೆಲಸಕ್ಕೆ ಹೋಗುವವರಿಗೆ 'ಝಡ್' ವೀಸಾ ಬೇಕು, ಅಲ್ಲಿ ಕೆಲಸದ ಪರವಾನಗಿ ಬೇಕು. ಅದಿಲ್ಲದೆ ದುಡಿದರೆ 5,000ದಿಂದ 20,000 ಯುವಾನ್ ದಂಡ, ಪ್ರಕರಣ ಗಂಭೀರವಾದರೆ 5ರಿಂದ 15 ದಿನ ಬಂಧನವೂ ಉಂಟು. ದೇಶದಿಂದ ಹೊರಹಾಕಬಹುದು. ಮನೆಯವರು ಚಿನ್ನ ಅಡವಿಟ್ಟು ಕೊಟ್ಟ ಹಣ ಆಗ ಯಾರೂ ಮರಳಿಸುವುದಿಲ್ಲ. ಮಗ ಅಥವಾ ಮಗಳು ಹೊರಡುತ್ತೇವೆಂದರೆ ಹೆತ್ತವರು ಕೇಳಬೇಕಾದ ಮೊದಲ ಪ್ರಶ್ನೆ ಸಂಬಳ ಎಷ್ಟೆಂದಲ್ಲ, ವೀಸಾ ಯಾವುದೆಂದು.

ಇನ್ನು ಮಗುವಿನ ವಿಷಯ. ಮೂರು ವರ್ಷದ ಮಗು ಭಾಷೆಯನ್ನು ಪುಸ್ತಕದಿಂದ ಕಲಿಯುವುದಿಲ್ಲ, ಜನರಿಂದ ಕಲಿಯುತ್ತದೆ. ಒಂದೇ ಹಾಡನ್ನು ಐವತ್ತು ಸಲ ಹಾಡಬೇಕು. 'ಜಂಪ್' ಎಂದು ಹೇಳಿಕೊಟ್ಟರೆ ಸಾಲದು, ನಾವೇ ಹಾರಿ ತೋರಿಸಬೇಕು. ಮೂಗು ಸೋರುವ ಮಗುವನ್ನು, ಅಮ್ಮ ಬೇಕೆಂದು ಅಳುವ ಮಗುವನ್ನು ಸಂತೈಸಬೇಕು. ಅಲ್ಲಿ ವಿದೇಶಿ ಅಧ್ಯಾಪಕರ ಜೊತೆಗೆ ಸಾಮಾನ್ಯವಾಗಿ ಚೀನೀ ಅಧ್ಯಾಪಕಿಯೊಬ್ಬರು ಇರುತ್ತಾರೆ. ಮಗುವಿನ ಮಾತು ಅರ್ಥವಾಗುವುದು ಅವರಿಗೆ, ಸಂಬಳ ಹೆಚ್ಚಾಗಿ ವಿದೇಶಿಯರಿಗೆ. ಇಷ್ಟರ ಮೇಲೂ ವಿದೇಶಿ ಅಧ್ಯಾಪಕರು ಗುತ್ತಿಗೆ ಮುಗಿಯುವ ಮೊದಲೇ ಬ್ಯಾಗು ಕಟ್ಟಿದರೆ ಆ ಮಗುವಿಗೆ ಉಳಿಯುವುದೇನು? ವರ್ಷಕ್ಕೊಂದು ಹೊಸ ಮುಖ.

ಕಾಸರಗೋಡಿನವರಾದ ನಮಗೆ ಇದು ದೂರದ ಮಾತಲ್ಲ. ಕನ್ನಡ ಮಾಧ್ಯಮದ ತರಗತಿಗೆ ಕನ್ನಡ ಬಾರದ ಅಧ್ಯಾಪಕರು ಬಂದಾಗ ಇಲ್ಲಿ ಹೆತ್ತವರೂ ಮಕ್ಕಳೂ ಬೀದಿಗಿಳಿದು ಪ್ರತಿಭಟಿಸಿದ್ದಾರೆ. ತನ್ನ ಮಾತು ಅರ್ಥವಾಗದ ಅಧ್ಯಾಪಕರ ಮುಂದೆ ಕೂರುವುದು ಮಗುವಿಗೆ ಎಂಥ ಶಿಕ್ಷೆಯೆಂದು ನಮಗೆ ಗೊತ್ತು. ನಮ್ಮ ಮಕ್ಕಳಿಗೆ ಬೇಡವೆಂದದ್ದನ್ನು ಬೇರೆಯವರ ಮಕ್ಕಳಿಗೆ ನಾವು ಮಾಡಬಹುದೇ? ಕಲಿಸಲು ಹೋಗುವವರು ಮೊದಲು ಅವರ ಭಾಷೆಯಲ್ಲಿ ನೂರು ಮಾತಾದರೂ ಕಲಿಯಲಿ. "ನೀರು ಬೇಕಾ? ನೋವಾಯಿತಾ? ಹೆದರಬೇಡ" ಎನ್ನುವಷ್ಟಾದರೂ.

ಹಾಗಾದರೆ ರೈಲು? ಖಂಡಿತ ಹತ್ತಿ. 2020ರಲ್ಲಿ ನಿಂತಿದ್ದ ನೇರ ವಿಮಾನಗಳು 2025ರ ಅಕ್ಟೋಬರಿನಲ್ಲಿ ಕೋಲ್ಕತ್ತಾದಿಂದ ಗುವಾಂಗ್‌ಝೌಗೆ ಮತ್ತೆ ಹಾರಿದವು. ಆ ಗುವಾಂಗ್‌ಝೌನಿಂದ ಬೀಜಿಂಗ್‌ಗೆ ಸುಮಾರು 2,300 ಕಿಲೋಮೀಟರ್, ವೇಗದ ರೈಲಿನಲ್ಲಿ ಹೆಚ್ಚುಕಡಿಮೆ ಎಂಟು ಗಂಟೆ. ಇಲ್ಲಿ ಮಂಗಳಾ ಎಕ್ಸ್‌ಪ್ರೆಸ್ ಹತ್ತಿದವರು ದೆಹಲಿ ಸೇರಲು ಎರಡು ರಾತ್ರಿ ಕಳೆಯುತ್ತಾರೆ. 2008ರಲ್ಲಿ ಬೀಜಿಂಗ್ ಮತ್ತು ತಿಯಾನ್‌ಜಿನ್ ನಡುವೆ ಗಂಟೆಗೆ 350 ಕಿಲೋಮೀಟರ್ ವೇಗದ ರೈಲು ಓಡತೊಡಗಿತು, 2024ರ ಕೊನೆಗೆ ಅಂಥ ವೇಗದ ಹಳಿಗಳ ಜಾಲ 48,000 ಕಿಲೋಮೀಟರ್ ತಲುಪಿತು. ನೋಡಿ ಬೆರಗಾಗಬೇಕಾದ್ದೇ.

ಆದರೆ ವೇಗದ ರೈಲಿನಲ್ಲಿ ಕಾಣುವುದು ಆ ದೇಶದ ಒಂದು ಮುಖ. ಇನ್ನೊಂದು ಮುಖಕ್ಕೆ ಹಸಿರು ಬಣ್ಣದ ನಿಧಾನದ ರೈಲು ಹತ್ತಬೇಕು. ಮೂರಂತಸ್ತಿನ ಬರ್ತ್, ಬೋಗಿಗೊಂದು ಬಿಸಿನೀರಿನ ನಲ್ಲಿ, ನೂಡಲ್ಸ್ ಬಟ್ಟಲು ಹಿಡಿದು ಸಾಲಾಗಿ ನಿಂತ ಜನ. ಸಿಚುವಾನ್ ಪ್ರಾಂತ್ಯದ ಲಿಯಾಂಗ್‌ಶಾನ್ ಬೆಟ್ಟಗಳಲ್ಲಿ, 1970ರಲ್ಲಿ ಪೂರ್ಣಗೊಂಡ ಚೆಂಗ್ಡು–ಕುನ್‌ಮಿಂಗ್ ಹಳಿಯ ಮೇಲೆ, ಪುಶಿಯೋಂಗ್ ಮತ್ತು ಪಾನ್‌ಝಿಹುವಾ ನಡುವೆ ಅಂಥದೊಂದು ರೈಲು ಓಡುತ್ತದೆ. ಕನಿಷ್ಠ ಟಿಕೆಟ್ 2 ಯುವಾನ್. ಯೀ ಬುಡಕಟ್ಟಿನ ರೈತರು ಕೋಳಿ, ಕುರಿ, ತರಕಾರಿ ಬುಟ್ಟಿಗಳೊಂದಿಗೆ ಹತ್ತುತ್ತಾರೆ. ಶಾಲೆಗೆ ಹೋಗುವ ಮಕ್ಕಳೂ ಅದರಲ್ಲೇ. ಲಾಭವಿಲ್ಲದಿದ್ದರೂ ಜನರಿಗಾಗಿ ಉಳಿಸಿಕೊಂಡ ರೈಲು ಅದು.

ಚೀನೀ ಹೊಸ ವರ್ಷದ ಹೊತ್ತಿನ ನಲವತ್ತು ದಿನಗಳ ನೂಕುನುಗ್ಗಲಿನಲ್ಲಿ ಊರಿಗೆ ಮರಳುವವರು ಯಾರೆಂದು ಕೇಳಿ ನೋಡಿ. ಬಹಳ ಮಂದಿ ಕಾರ್ಖಾನೆಯಲ್ಲೋ ಕಟ್ಟಡದ ಕೆಲಸದಲ್ಲೋ ದುಡಿಯುವ ಅಪ್ಪ ಅಮ್ಮಂದಿರು. ಮಕ್ಕಳನ್ನು ಹಳ್ಳಿಯಲ್ಲಿ ಅಜ್ಜ ಅಜ್ಜಿಯ ಬಳಿ ಬಿಟ್ಟುಬಂದವರು. ಅಂಥ ಮಕ್ಕಳಿಗೆ ಅಲ್ಲಿ 'ಹಿಂದುಳಿಸಿ ಬಂದ ಮಕ್ಕಳು' ಎಂಬ ಅರ್ಥದ ಹೆಸರೇ ಇದೆ. ಅಪ್ಪನನ್ನು ಎರಡು ವರ್ಷಕ್ಕೊಮ್ಮೆ ಏರ್‌ಪೋರ್ಟಿನಲ್ಲಿ ನೋಡಿ ಬೆಳೆದ ನಮ್ಮ ಗಲ್ಫ್ ಮನೆಗಳ ಮಕ್ಕಳಿಗೆ ಅವರ ಮನಸ್ಸು ಬೇಗ ತಿಳಿಯುತ್ತದೆ. ವಿದೇಶಿ ಅಧ್ಯಾಪಕರು ಕಲಿಸುವುದು ಹೆಚ್ಚಾಗಿ ದುಡ್ಡುಳ್ಳ ನಗರದ ಮಕ್ಕಳಿಗೆ. ಈ ರೈಲು ಹತ್ತದಿದ್ದರೆ ಉಳಿದ ಮಕ್ಕಳು ಇದ್ದಾರೆಂಬುದೇ ಅವರಿಗೆ ತಿಳಿಯದೆ ಹೋಗಬಹುದು.

ಆದ್ದರಿಂದ ನಾವು ಹೇಳುವುದು ಹೀಗೆ. ದೇಶ ನೋಡುವುದೇ ಆಸೆಯಾದರೆ ಟೂರಿಸ್ಟ್ ವೀಸಾದಲ್ಲಿ ಹೋಗಿ, ಹದಿನೈದು ದಿನ ರೈಲಿನಲ್ಲಿ ಸುತ್ತಿ, ಸಂತೋಷವಾಗಿ ಬನ್ನಿ. ಅದಕ್ಕೆ ಮಕ್ಕಳ ತರಗತಿಯ ನೆಪ ಬೇಡ. ಕಲಿಸುವುದೇ ಆಸೆಯಾದರೆ ಅದನ್ನು ಕಲಿತು ಹೋಗಿ, ಸರಿಯಾದ ಕಾಗದಪತ್ರದೊಂದಿಗೆ ಹೋಗಿ, ಗುತ್ತಿಗೆಯ ಅವಧಿ ಮುಗಿಯುವವರೆಗೆ ನಿಲ್ಲಿ. ಅಲ್ಲಿ ಬಾಗಿಲು ತೆರೆಯದಿದ್ದರೂ ಕಲಿಸುವ ಕೆಲಸ ತಪ್ಪಿಹೋಗುವುದಿಲ್ಲ. ಒಡಿಶಾದಿಂದ, ಬಂಗಾಳದಿಂದ, ಉತ್ತರ ಕರ್ನಾಟಕದಿಂದ ದುಡಿಯಲು ಬಂದವರ ಮಕ್ಕಳು ನಮ್ಮ ಊರುಗಳಲ್ಲೇ ಇದ್ದಾರೆ. ಮನೆಯಲ್ಲೊಂದು ಭಾಷೆ, ಬೀದಿಯಲ್ಲೊಂದು, ಶಾಲೆಯಲ್ಲಿ ಮತ್ತೊಂದು ಅವರಿಗೆ. ಶನಿವಾರ ಮಧ್ಯಾಹ್ನ ಎರಡು ಗಂಟೆ ಅವರೊಂದಿಗೆ ಕೂತು ನೋಡಿ. ಒಂದೇ ಹಾಡನ್ನು ಐವತ್ತನೇ ಸಲ ಹಾಡುವಾಗಲೂ ಬೇಸರ ಬಾರದಿದ್ದರೆ, ನೀವು ಯಾವ ದೇಶದಲ್ಲಾದರೂ ಕಲಿಸಬಲ್ಲಿರಿ.